ಶಾಸ್ತ್ರದಾನ ಮತ್ತು ಶಾಲೆಯ ಒಡೆತನ: ಭಟ್ಕಳ, ಹೊನ್ನಾವರ, ಕುಮಟಾಗಳ ಇತಿಹಾಸದಿಂದ

ಬಸದಿಗಳ ಆಡಳಿತ ಮಂಡಳಿಗಳು ಸೇರಿದೆಡೆಯಲ್ಲೆಲ್ಲ ಈಚೆಗೆ ಒಂದು ಮಾತು ತಪ್ಪದೆ ಕೇಳಿಬರುತ್ತಿದೆ. ನಮ್ಮ ಮಕ್ಕಳಿಗೆ ನಮ್ಮದೇ ಆದ ಶಾಲೆ ಬೇಕು, ಅದರ ಆಡಳಿತ ನಮ್ಮ ಕೈಯಲ್ಲಿರಬೇಕು ಎಂಬುದೇ ಆ ಮಾತು. 2014ರ ಜನವರಿಯಲ್ಲಿ ಕೇಂದ್ರ ಸರಕಾರವು ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದ ಮೇಲೆ ಈ ಬೇಡಿಕೆಗೆ ಸಂವಿಧಾನದ ಬಲವೂ ಕೂಡಿಕೊಂಡಿದೆ. ಬೇಡಿಕೆ ಸರಿಯೋ ತಪ್ಪೋ ಎಂದು ಒಂದೇ ಉಸಿರಿಗೆ ಹೇಳಿಬಿಡುವುದು ಸುಲಭ. ಆದರೆ ಸಮುದಾಯವೊಂದು ತನ್ನ ಶಾಲೆಯನ್ನು ತಾನೇ ನಡೆಸಿದರೆ ಏನಾಗುತ್ತದೆ, ಯಾವುದು ಕೈಗೂಡುತ್ತದೆ, ಯಾವುದು ಕೈತಪ್ಪುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರಿಗೇ ಉದಾಹರಣೆಗಳಿವೆ. ಉತ್ತರ ಕನ್ನಡದ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಈ ಪ್ರಯೋಗ ಒಂದಲ್ಲ, ನಾಲ್ಕಾರು ಬಗೆಯಲ್ಲಿ ನಡೆದಿದೆ. ಆ ಇತಿಹಾಸವನ್ನು ಶ್ರಾವಕ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಈ ಮೂರು ತಾಲ್ಲೂಕುಗಳು ಜೈನರಿಗೆ ಪರಕೀಯವಾದವುಗಳಲ್ಲ. ಭಟ್ಕಳದ ಸಮೀಪದ ಹಾಡುವಳ್ಳಿಯೇ ಶಾಸನ ಮತ್ತು ಕಾವ್ಯಗಳ ಸಂಗೀತಪುರ. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯೇ ನಗಿರೆ. ಶರಾವತಿಯ ದಂಡೆಯ ಕಾಡಿನಲ್ಲಿ ಇಂದಿಗೂ ನಿಂತಿರುವ ಚತುರ್ಮುಖ ಬಸದಿ, ಭಟ್ಕಳ ಪೇಟೆಯ ಚಂದ್ರನಾಥೇಶ್ವರ ಬಸದಿ, ಹಾಡುವಳ್ಳಿಯ ಚೌವೀಸ ತೀರ್ಥಂಕರರ ಬಿಂಬಗಳು ಒಂದು ಕಾಲದ ಸಂಪತ್ತನ್ನು ಹೇಳುತ್ತವೆ. ಮೆಣಸಿನ ವ್ಯಾಪಾರದಿಂದ ಬಂದ ಆ ಸಂಪತ್ತಿನ ಒಂದು ಪಾಲು ವಿದ್ಯೆಗೂ ಸಂದಿತ್ತು. ವಾದಿ ವಿದ್ಯಾನಂದರು ಕರಾವಳಿಯ ರಾಜಸಭೆಗಳಲ್ಲಿ ವಾದ ಮಾಡಿ ಗೆದ್ದುದನ್ನು ಹೊಂಬುಜದ ಶಾಸನ ಸಾರುತ್ತದೆ. ಸಾಳ್ವಮಲ್ಲನ ಆಶ್ರಯದಲ್ಲಿ ಕವಿ ಸಾಳ್ವನು ಭಾರತವನ್ನೂ ರಸರತ್ನಾಕರವನ್ನೂ ರಚಿಸಿದನು. ಇವರೆಲ್ಲರಿಗಿಂತ ನಮ್ಮ ಪ್ರಸ್ತುತ ವಿಷಯಕ್ಕೆ ಹತ್ತಿರದವನು ಹಾಡುವಳ್ಳಿ ಮಠದ ಅಕಲಂಕದೇವರ ಶಿಷ್ಯನಾದ ಭಟ್ಟಾಕಲಂಕ. ಈತನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದನು. ಸಂಸ್ಕೃತದಲ್ಲಿ 592 ಸೂತ್ರಗಳು, ಅದಕ್ಕೊಂದು ವೃತ್ತಿ, ಅದರ ಮೇಲೊಂದು ವ್ಯಾಖ್ಯಾನ. ಎಲ್ಲವೂ ಕನ್ನಡ ಭಾಷೆಯ ವ್ಯಾಕರಣಕ್ಕಾಗಿ. ಗೇರುಸೊಪ್ಪೆಯಲ್ಲಿ ಆಗ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಯ ಕೊನೆಯ ವರ್ಷಗಳು.

(ಭಟ್ಕಳಕ್ಕೆ ಆ ಹೆಸರು ಬಂದುದೇ ಭಟ್ಟಾಕಲಂಕನಿಂದ ಎಂದು ನಮ್ಮವರಲ್ಲಿ ಅನೇಕರು ಹೆಮ್ಮೆಯಿಂದ ಹೇಳುವುದುಂಟು. ಪೋರ್ಚುಗೀಸರು 16ನೆಯ ಶತಮಾನದ ಆರಂಭದಲ್ಲಿಯೇ ಆ ಬಂದರನ್ನು ‘ಬಟಿಕಲ’ ಎಂದು ಬರೆದಿರುವುದರಿಂದ, 1604ರ ವೈಯಾಕರಣನಿಂದಂತೂ ಆ ಹೆಸರು ಬಂದಿರಲಾರದು. ಹೆಮ್ಮೆ ಪಡಲು ಆತನ ಗ್ರಂಥವೇ ಸಾಕು.)

ಭಟ್ಟಾಕಲಂಕನು ತನ್ನ ವ್ಯಾಖ್ಯಾನದಲ್ಲಿ ಒಂದು ಆಕ್ಷೇಪವನ್ನು ಎತ್ತಿಕೊಂಡು ಉತ್ತರಿಸುತ್ತಾನೆ. ಕನ್ನಡವು ಶಾಸ್ತ್ರಕ್ಕೆ ಯೋಗ್ಯವಾದ ಭಾಷೆಯಲ್ಲ ಎಂಬುದು ಆಕ್ಷೇಪ. ಅದಕ್ಕೆ ಆತನು ತತ್ತ್ವಾರ್ಥಮಹಾಶಾಸ್ತ್ರದ ಮೇಲೆ ಕನ್ನಡದಲ್ಲಿದ್ದ ‘ಚೂಡಾಮಣಿ’ ಎಂಬ 96,000 ಗ್ರಂಥಪ್ರಮಾಣದ ವ್ಯಾಖ್ಯಾನವನ್ನೇ ಸಾಕ್ಷಿಯಾಗಿ ನಿಲ್ಲಿಸುತ್ತಾನೆ. ಈಗ ‘ನಮ್ಮ ಶಾಲೆ’ ಎಂಬ ಮಾತು ಬಂದೊಡನೆ ಅದರ ಹಿಂದೆಯೇ ‘ಇಂಗ್ಲಿಷ್ ಮಾಧ್ಯಮ’ ಎಂಬ ಮಾತೂ ಬರುವುದನ್ನು ಕೇಳಿದಾಗ ಹಾಡುವಳ್ಳಿಯ ಆ ಯತಿಯ ನೆನಪಾಗದೆ ಇರದು.

ಶಾಲೆಯ ಲೆಕ್ಕ ಈ ಕರಾವಳಿಯಲ್ಲಿ ಬಹಳ ಹಿಂದಿನಿಂದಲೂ ದೊರೆಯುತ್ತದೆ. 14ನೆಯ ಶತಮಾನದ ನಡುವಿನಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಆ ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿದ್ದುದನ್ನು ಕಂಡು, ಇಂಥದನ್ನು ಬೇರೆಲ್ಲಿಯೂ ನೋಡಲಿಲ್ಲವೆಂದು ಆಶ್ಚರ್ಯಪಟ್ಟಿದ್ದಾನೆ. ಕಡಲ ವ್ಯಾಪಾರದ ಮುಸ್ಲಿಂ ಸಮುದಾಯವೊಂದು ತನ್ನ ಹೆಣ್ಣುಮಕ್ಕಳಿಗೆ ಕುರಾನನ್ನು ಬಾಯಿಪಾಠ ಮಾಡಿಸಲು ತಾನೇ ಇರಿಸಿಕೊಂಡಿದ್ದ ಶಾಲೆಗಳು ಅವು. ಸರಕಾರದ ಅನುದಾನವಿಲ್ಲ, ಪರೀಕ್ಷಕರಿಲ್ಲ. ಸಮುದಾಯದ ಇಚ್ಛೆಯೊಂದೇ ಆಧಾರ.

ಇದಾದ ಸುಮಾರು ಐದು ಶತಮಾನಗಳ ಬಳಿಕದ ಇನ್ನೊಂದು ದಾಖಲೆ ಇದಕ್ಕೆ ತೀರ ವಿರುದ್ಧವಾದ ಚಿತ್ರವನ್ನು ಕೊಡುತ್ತದೆ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತದ ಎಲ್ಲ ಜಿಲ್ಲೆಗಳ ದೇಶೀಯ ಶಾಲೆಗಳ ಪಟ್ಟಿಯನ್ನು ತರಿಸಿದನು. ನಮ್ಮ ಮೂರೂ ತಾಲ್ಲೂಕುಗಳು ಆಗ ಕೆನರಾ ಜಿಲ್ಲೆಯಲ್ಲಿ ಸೇರಿ ಮದ್ರಾಸಿಗೇ ಒಳಪಟ್ಟಿದ್ದವು. ಉಳಿದ ಜಿಲ್ಲೆಗಳ ಕಲೆಕ್ಟರರು ಜಾತಿವಾರು ವಿದ್ಯಾರ್ಥಿಗಳ ಲೆಕ್ಕ ಕೊಟ್ಟರೆ, ಕೆನರಾದ ಪ್ರಧಾನ ಕಲೆಕ್ಟರ್ ಹ್ಯಾರಿಸ್ ಆ ವರ್ಷದ ಆಗಸ್ಟಿನಲ್ಲಿ ಕೊಟ್ಟ ಉತ್ತರದಲ್ಲಿ ಪಟ್ಟಿಯೇ ಇರಲಿಲ್ಲ. ಗಹನ ಶಾಸ್ತ್ರಗಳನ್ನು ಕಲಿಸುವ ವಿದ್ಯಾಲಯಗಳು ಇಲ್ಲಿಲ್ಲ, ನೆಲೆಯಾದ ಶಾಲೆಗಳೂ ನಿಯತ ಉಪಾಧ್ಯಾಯರೂ ಇಲ್ಲ, ಹಿಂದಿನ ಸರಕಾರಗಳು ಇಂಥವುಗಳಿಗೆ ನೆರವು ಕೊಟ್ಟ ನಿದರ್ಶನ ತಿಳಿಯದು, ಕಲಿಕೆ ಮನೆಗಳಲ್ಲಿ ಖಾಸಗಿಯಾಗಿ ನಡೆಯುವುದರಿಂದ ಸಂಖ್ಯೆ ಕೊಟ್ಟರೆ ಅದು ದಾರಿ ತಪ್ಪಿಸುವಂಥದಾಗುತ್ತದೆ ಎಂಬುದು ಆತನ ವರದಿಯ ಸಾರ. ಧರ್ಮಪಾಲರು 1983ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸಂಕಲನದಲ್ಲಿ ಈ ಪತ್ರವನ್ನು ಓದಬಹುದು.

ಈ ಪತ್ರವನ್ನು ಎರಡು ಬಗೆಯಲ್ಲಿ ಓದಲು ಸಾಧ್ಯ. ಕಲೆಕ್ಟರನು ಅಸಡ್ಡೆಯಿಂದ ಬರೆದು ಕೈತೊಳೆದುಕೊಂಡನೆಂದು ಕೆಲವರ ಅಭಿಪ್ರಾಯ. ನನಗೆ ತೋರುವುದು ಬೇರೆ. ಆತನು ಕಂಡದ್ದನ್ನು ಬಹುಮಟ್ಟಿಗೆ ಸರಿಯಾಗಿಯೇ ಹೇಳಿದ್ದಾನೆ. ಊರಿಗೆಲ್ಲ ತೆರೆದ, ಊರವರ ಕಣ್ಣಿಗೆ ಬೀಳುವ ಶಾಲೆ ಇಲ್ಲಿರಲಿಲ್ಲ. ವಿದ್ಯೆ ಇತ್ತು, ಮನೆಯ ಜಗಲಿಯಲ್ಲಿ, ಮಠದ ಒಳಗೆ, ಮಸೀದಿಯ ಪಕ್ಕದಲ್ಲಿ ಇತ್ತು. ಅವರವರ ವಿದ್ಯೆ ಅವರವರ ಬಾಗಿಲೊಳಗೆ. ಹೊರಗಿನಿಂದ ಬಂದವನಿಗೆ ಅದು ಕಾಣದಿದ್ದರೆ ಆಶ್ಚರ್ಯವೇನು? ಬಾಗಿಲಿನ ಹೊರಗೆ ಉಳಿದ ರೈತನ, ಮೀನುಗಾರನ, ಹಾಲಕ್ಕಿ ಒಕ್ಕಲಿನ ಮಗುವಿಗೂ ಅದು ಕಾಣುತ್ತಿರಲಿಲ್ಲ.

ನಮ್ಮನ್ನು ನಾವು ಇದರಿಂದ ಹೊರಗಿಟ್ಟುಕೊಳ್ಳುವಂತಿಲ್ಲ. ‘ಗಹನ ಶಾಸ್ತ್ರಗಳ ವಿದ್ಯಾಲಯ ಕೆನರಾದಲ್ಲಿಲ್ಲ’ ಎಂದು ಹ್ಯಾರಿಸ್ ಬರೆದ ಹೊತ್ತಿನಲ್ಲಿ ಅದೇ ಜಿಲ್ಲೆಯ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳು ಭದ್ರವಾಗಿದ್ದವು. ಭದ್ರವಾಗಿದ್ದವು ಎಂಬುದೇ ಅವುಗಳ ಭಾಗ್ಯ, ಅವುಗಳ ದುರ್ದೈವ ಕೂಡ. ಯಾತ್ರಿಕರಿಗೆ ದರ್ಶನಕ್ಕೆ ಸಿಗುತ್ತಿದ್ದ ಆ ಓಲೆಗಳು ಓದಿಗೆ ಸಿಗುತ್ತಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಉತ್ತರದ ಶ್ರೇಷ್ಠಿಗಳ ಪ್ರಯತ್ನದಿಂದ ಪ್ರತಿ ಮಾಡುವ ಕಾರ್ಯ ಆರಂಭವಾಗಿ ದಶಕಗಟ್ಟಲೆ ನಡೆಯಿತು. ಆ ಪ್ರತಿಗಳೂ ಹೊರಗೆ ಹೋಗಬಾರದೆಂಬ ನಿರ್ಬಂಧವಿತ್ತು. ಕೊನೆಗೆ ಗುಟ್ಟಾಗಿ ಹೊರಬಿದ್ದ ಪ್ರತಿಯ ಆಧಾರದಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಅಚ್ಚಾಗಿ ಹೊರಬಂದಿತು. ಕಾಪಾಡಿದವರಿಗೆ ನಾವು ಋಣಿಗಳು. ಅವರಿಲ್ಲದಿದ್ದರೆ ಅಚ್ಚು ಹಾಕಲು ಏನೂ ಉಳಿಯುತ್ತಿರಲಿಲ್ಲ. ಆದರೆ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜ್ಞಾನಾವರಣ ಕರ್ಮದ ಆಸ್ರವಕ್ಕೆ ಉಮಾಸ್ವಾತಿಗಳು ಕೊಡುವ ಕಾರಣಗಳಲ್ಲಿ ನಿಹ್ನವ, ಮಾತ್ಸರ್ಯ, ಅಂತರಾಯಗಳೂ ಇವೆ. ತಿಳಿದುದನ್ನು ಬಚ್ಚಿಡುವುದು, ಯೋಗ್ಯನಾದವನಿಗೂ ಕೊಡದಿರುವುದು, ಇನ್ನೊಬ್ಬರ ಕಲಿಕೆಗೆ ಅಡ್ಡಿಯಾಗುವುದು ಎಂದು ಅವುಗಳ ಅರ್ಥ. ಶಾಸ್ತ್ರದಾನವನ್ನು ಆಹಾರ, ಅಭಯ, ಔಷಧ ದಾನಗಳ ಸಾಲಿನಲ್ಲಿಟ್ಟ ಧರ್ಮದಲ್ಲಿ ಶಾಲೆಯ ಬಾಗಿಲು ಯಾರಿಗೆ ತೆರೆಯಬೇಕೆಂಬುದು ಆಡಳಿತದ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ.

ಬ್ರಿಟಿಷರ ಆಳ್ವಿಕೆಯಲ್ಲಿ ಬಾಗಿಲುಗಳು ನಿಧಾನವಾಗಿ ತೆರೆದವು. ಅದರ ವಿವರ ಇಲ್ಲಿ ದೀರ್ಘವಾಗಿ ಬೇಡ. 1854ರ ವುಡ್‌ನ ಆದೇಶವು ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡುವ ಪದ್ಧತಿಯನ್ನು ತಂದಿತು. ಉತ್ತರ ಕೆನರಾ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1882ರ ಹಂಟರ್ ಆಯೋಗವು ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಮಂಡಳಿಗಳಿಗೆ ವಹಿಸಬೇಕೆಂದೂ ಪ್ರೌಢ ಶಿಕ್ಷಣವನ್ನು ಖಾಸಗಿ ಸಂಘಗಳು ವಹಿಸಿಕೊಳ್ಳಲೆಂದೂ ಸೂಚಿಸಿತು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆಯಿಂದ ಪ್ರಾಥಮಿಕ ಶಾಲೆಗಳು ಸ್ಥಳೀಯ ಸಂಸ್ಥೆಗಳ ಕೈಗೆ ಬಂದವು. ಹೀಗಾಗಿ ಹೈಸ್ಕೂಲು ಬೇಕೆಂದರೆ ಊರವರೇ ಸಂಘ ಕಟ್ಟಬೇಕು, ಹಣ ಕೂಡಿಸಬೇಕು, ಆಮೇಲೆ ಸಹಾಯಧನಕ್ಕೆ ಅರ್ಜಿ ಹಾಕಬೇಕು. ಸಂಘ ಕಟ್ಟುವ ಶಕ್ತಿ ಯಾರಿಗಿತ್ತೋ ಅವರಿಗೆ ಶಾಲೆ ದಕ್ಕಿತು. ಸಮುದಾಯದ ಶಾಲೆಗಳು ಹುಟ್ಟಿದ್ದಕ್ಕೆ ಧರ್ಮಾಭಿಮಾನದಷ್ಟೇ ಈ ಸಹಾಯಧನದ ನಿಯಮವೂ ಕಾರಣವೆಂಬುದನ್ನು ಮರೆಯಬಾರದು.

ಆ ಶಕ್ತಿಯನ್ನು ಎಲ್ಲರಿಗಿಂತ ಸ್ಪಷ್ಟವಾಗಿ ತೋರಿಸಿದವರು ಭಟ್ಕಳದ ನವಾಯತರು. ಕೊಂಕಣಿಗೆ ಸಮೀಪವಾದ ಮಾತನ್ನಾಡುವ, ತಲೆಮಾರುಗಳಿಂದ ವ್ಯಾಪಾರವನ್ನೇ ವೃತ್ತಿಯಾಗಿಸಿಕೊಂಡ ಈ ಮುಸ್ಲಿಂ ಸಮುದಾಯವು 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಆಗಿನ ಪರಿಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಇಂಗ್ಲಿಷ್ ವಿದ್ಯೆಯೆಂದರೆ ಧರ್ಮಕ್ಕೆ ಕುತ್ತೆಂಬ ಅಂಜಿಕೆ ಅಂದಿನ ಮುಸ್ಲಿಂ ಸಮಾಜದಲ್ಲಿ ವ್ಯಾಪಕವಾಗಿತ್ತು. ಆ ಅಂಜಿಕೆಗೆ ಅಂಜುಮನ್ ಕಂಡುಕೊಂಡ ಪರಿಹಾರ ಸರಳವಾದುದು: ಆಧುನಿಕ ವಿದ್ಯೆ ಬರಲಿ, ಆದರೆ ನಮ್ಮ ಸೂರಿನ ಕೆಳಗೆ, ನಮ್ಮವರ ಮೇಲ್ವಿಚಾರಣೆಯಲ್ಲಿ ಬರಲಿ. ಶಾಲೆಯಾಯಿತು, ಹೈಸ್ಕೂಲಾಯಿತು, 1968ರಲ್ಲಿ ಕಲಾ-ವಿಜ್ಞಾನ ಕಾಲೇಜು, 1980ರಲ್ಲಿ ಇಂಜಿನಿಯರಿಂಗ್ ಕಾಲೇಜು ಆದವು. ಹೆಣ್ಣುಮಕ್ಕಳಿಗೆಂದು ಪ್ರತ್ಯೇಕ ಕಾಲೇಜೂ ಆಯಿತು. ಹಿಂದೆ ದೊಡ್ಡ ಪಟ್ಟಣಗಳ ಅಂಗಡಿಗಳಿಂದ, ಮುಂದೆ ಕೊಲ್ಲಿ ರಾಷ್ಟ್ರಗಳ ಸಂಪಾದನೆಯಿಂದ ಹಣ ಊರಿಗೆ ಹರಿದುಬಂದಿತು. ದೂರದಲ್ಲಿ ದುಡಿದವನು ಊರಿನ ಶಾಲೆಯನ್ನು ಮರೆಯಲಿಲ್ಲ. ಇದನ್ನು ಒಪ್ಪಿ ಮೆಚ್ಚಬೇಕು.

ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಅದೇ ಸಮುದಾಯಕ್ಕೆ ಅಂಜುಮನ್ನಿನ ಶಾಲೆಯೊಂದೇ ಸಾಲಲಿಲ್ಲ. 1962ರಲ್ಲಿ ಭಟ್ಕಳದಲ್ಲಿ ಜಾಮಿಯಾ ಇಸ್ಲಾಮಿಯಾ ಎಂಬ ಧಾರ್ಮಿಕ ವಿದ್ಯಾಪೀಠ ಸ್ಥಾಪನೆಯಾಯಿತು. ಅಲ್ಲಿಯದು ಅರಬ್ಬಿ, ಕುರಾನ್, ಹದೀಸುಗಳ ಅಧ್ಯಯನ. ಅಂದರೆ ಸಮುದಾಯದ ಆಡಳಿತದಲ್ಲಿಯೇ ಇದ್ದರೂ ಸರಕಾರದ ಪಠ್ಯಕ್ರಮವನ್ನು ಹಿಡಿದ ಶಾಲೆಯು ಕಾಲಕ್ರಮದಲ್ಲಿ ಎಲ್ಲ ಶಾಲೆಗಳಂತೆಯೇ ಆಗುತ್ತದೆ. ಪರೀಕ್ಷೆ, ಅಂಕ, ಉದ್ಯೋಗಗಳ ಕಡೆಗೇ ಅದರ ಮುಖ. ಧರ್ಮವಿದ್ಯೆಯು ವಾರದ ಒಂದೆರಡು ಪಾಠಗಳಿಗೆ ಇಳಿಯುತ್ತದೆ. ಧರ್ಮವಿದ್ಯೆಯೇ ಮುಖ್ಯವೆನ್ನುವವರು ಬೇರೊಂದು ನೆಲೆಯನ್ನು ಕಟ್ಟಲೇಬೇಕಾಗುತ್ತದೆ. ‘ನಮ್ಮ ಶಾಲೆ ಇದ್ದರೆ ನಮ್ಮ ಸಂಸ್ಕಾರ ತಾನಾಗಿ ಉಳಿಯುತ್ತದೆ’ ಎಂದು ನಂಬಿರುವ ನಮ್ಮ ಹಿರಿಯರು ಭಟ್ಕಳದ ಈ ಅನುಭವವನ್ನು ವಿಚಾರಿಸಿ ನೋಡಬೇಕು.

ಭಟ್ಕಳಕ್ಕೆ ಇನ್ನೊಂದು ಮುಖವೂ ಇದೆ. 1993ರಲ್ಲಿ ಆ ಊರು ತಿಂಗಳುಗಟ್ಟಲೆ ಕೋಮುಗಲಭೆಯಲ್ಲಿ ಬೆಂದಿತು. ಗಲಭೆಗೆ ಶಾಲೆಗಳು ಕಾರಣವೆಂದು ಹೇಳುವುದು ಅನ್ಯಾಯ. ಅದರ ಕಾರಣಗಳು ರಾಜಕೀಯದಲ್ಲಿವೆ. ಅಂಜುಮನ್ನಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲ್ಲ ಸಮುದಾಯಗಳ ವಿದ್ಯಾರ್ಥಿಗಳೂ ಓದಿ ಹೊರಬಂದಿದ್ದಾರೆ. ಆದರೆ ಆರು ವರ್ಷದ ಮಗು ಮತ್ತು ಹದಿನೆಂಟು ವರ್ಷದ ಯುವಕನ ನಡುವೆ ವ್ಯತ್ಯಾಸವಿದೆ. ಒಂದೇ ಬೆಂಚಿನಲ್ಲಿ ಕುಳಿತು ಪೆನ್ಸಿಲ್ಲಿಗೆ ಜಗಳವಾಡಿದವರು ದೊಡ್ಡವರಾದ ಮೇಲೆ ಒಬ್ಬರ ಮಾತನ್ನೊಬ್ಬರು ಕೇಳುವ ರೀತಿಯೇ ಬೇರೆ. ಅಕ್ಷರ ಕಲಿಯುವ ವಯಸ್ಸಿನಲ್ಲಿ ಬೇರೆಬೇರೆ ಗೇಟುಗಳಲ್ಲಿ ಒಳಹೋಗುವ ಮಕ್ಕಳಿಗೆ ಆ ಪರಿಚಯ ಎಲ್ಲಿಂದ ಬರಬೇಕು? ಈ ಮಾತು ಭಟ್ಕಳಕ್ಕೆ ಮಾತ್ರ ಅನ್ವಯಿಸುವುದಲ್ಲ, ಒಂದು ಸಮುದಾಯಕ್ಕೆ ಮಾತ್ರ ಅನ್ವಯಿಸುವುದೂ ಅಲ್ಲ.

ನೆರೆಯ ಊರುಗಳಲ್ಲಿ ಬೇರೆ ಬಗೆಯ ಪ್ರಯತ್ನಗಳು ನಡೆದವು. ಭಟ್ಕಳ ತಾಲ್ಲೂಕಿನ ಶಿರಾಲಿಯ ಚಿತ್ರಾಪುರ ಮಠದ ಸಾರಸ್ವತರು ಸಂಖ್ಯೆಯಲ್ಲಿ ನಮ್ಮಂತೆಯೇ ಅಲ್ಪರು. ಮುಂಬಯಿಗೆ ಹೋಗಿ ನೆಲೆಸಿದ ಆ ಸಮಾಜ 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಷನ್ನನ್ನು ಕಟ್ಟಿ ತನ್ನವರ ಹಿತವನ್ನು ನೋಡಿಕೊಂಡಿತು. ಚಿತ್ರಾಪುರದಲ್ಲಿ ಹೈಸ್ಕೂಲೂ ಉಂಟು. ಕುಮಟಾದಲ್ಲಿ ಗಿಬ್ ಹೈಸ್ಕೂಲು ಒಬ್ಬ ಆಂಗ್ಲನ ಹೆಸರನ್ನು ಹೊತ್ತೂ ಊರಿನ ಹೆಮ್ಮೆಯಾಯಿತು; ಹನೇಹಳ್ಳಿಯ ಯಶವಂತ ಚಿತ್ತಾಲರು ಅಲ್ಲಿ ಓದಿದವರು. ಗೋಕರ್ಣದ ಭದ್ರಕಾಳಿ ಹೈಸ್ಕೂಲಿನಲ್ಲಿ ಗೌರೀಶ ಕಾಯ್ಕಿಣಿಯವರು ಅಧ್ಯಾಪಕರಾಗಿದ್ದರು. ದೇವಿಯ ಹೆಸರಿನ ಶಾಲೆಯಲ್ಲಿ ಒಬ್ಬ ಕಟ್ಟಾ ವಿಚಾರವಾದಿ ಪಾಠ ಹೇಳುತ್ತಿದ್ದುದು, ಊರವರು ಅದನ್ನು ಸಹಿಸಿದ್ದಷ್ಟೇ ಅಲ್ಲ, ಅವರನ್ನು ಗೌರವದಿಂದ ಕಂಡದ್ದು ಆ ಊರಿನ ದೊಡ್ಡತನ. ಕುಮಟಾದ ಕಾಲೇಜು ಮುಂಬಯಿಯ ಹೆಸರಾಂತ ಶಸ್ತ್ರವೈದ್ಯ ಡಾ. ಎ.ವಿ. ಬಾಳಿಗರ ಹೆಸರಿನಲ್ಲಿದೆ, ನಡೆಸುವುದು ಊರಿನ ಕಾಲೇಜು ಸೊಸೈಟಿ.

ಹೊನ್ನಾವರದ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. 1964ರಲ್ಲಿ ಅಲ್ಲಿ ಆರಂಭವಾದ ಕಾಲೇಜು ಶ್ರೀ ಧರ್ಮಸ್ಥಳ ಮಂಜುನಾಥೇಶ್ವರನ ಹೆಸರನ್ನು ಧರಿಸಿದೆ. ಆಗ ಧರ್ಮಾಧಿಕಾರಿಗಳಾಗಿದ್ದವರು ಶ್ರೀ ರತ್ನವರ್ಮ ಹೆಗ್ಗಡೆಯವರು. ಹೆಸರು ಧರ್ಮಸ್ಥಳದ್ದು; ಆಡಳಿತ ಮಾತ್ರ ಮಲ್ನಾಡ್ ಪ್ರೋಗ್ರೆಸಿವ್ ಎಜುಕೇಷನ್ ಸೊಸೈಟಿಯದು. ಶೈವ ದೇವರು, ವೈಷ್ಣವ ಅರ್ಚಕರು, ಜೈನ ಹೆಗ್ಗಡೆಯವರು ಎಂಬ ಧರ್ಮಸ್ಥಳದ ಪರಂಪರೆಗೆ ಇದು ಒಪ್ಪುವಂತೆಯೇ ಇದೆ. ಶ್ರೀ ಮಂಜಯ್ಯ ಹೆಗ್ಗಡೆಯವರು ಉಜಿರೆಯಲ್ಲಿ ಸ್ಥಾಪಿಸಿದ ಸಿದ್ಧವನ ಗುರುಕುಲವೂ ಎಲ್ಲ ಜಾತಿಯ ಹುಡುಗರಿಗೆ ಅನ್ನ ಮತ್ತು ವಿದ್ಯೆಯನ್ನು ಕೊಟ್ಟಿತು.

ಈ ಎಲ್ಲ ಶಾಲೆಗಳೂ ಪೇಟೆಯ ಶಾಲೆಗಳು. ಹಳ್ಳಿಯ ಗೇಣಿದಾರನ ಮಗನಿಗೆ ಇವುಗಳ ಮೆಟ್ಟಿಲು ಎತ್ತರವಾಗಿಯೇ ಉಳಿದಿತ್ತು. ಅದನ್ನು ತಗ್ಗಿಸಿದವರು ದಿನಕರ ದೇಸಾಯಿಯವರು. ಚುಟುಕಗಳ ಕವಿಯೆಂದು ಅವರು ನಾಡಿಗೆಲ್ಲ ಪರಿಚಿತರು. ಭಾರತ ಸೇವಕ ಸಮಾಜದ ಸದಸ್ಯರಾಗಿ, ಭಾರತದ ಪ್ರಾಥಮಿಕ ಶಿಕ್ಷಣವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಬರೆದವರೆಂಬುದು ಅಷ್ಟಾಗಿ ತಿಳಿದಿಲ್ಲ. ಉತ್ತರ ಕೆನರಾದ ರೈತರನ್ನು ಸಂಘಟಿಸಿದ್ದಕ್ಕಾಗಿ 1940ರಲ್ಲಿ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಗೇಣಿಯ ವಿರುದ್ಧ ಹೋರಾಡಿದ ಮೇಲೆ ಅವರಿಗೆ ಹೊಳೆದದ್ದು, ಓದು ಬಾರದ ರೈತನು ಗೆದ್ದ ಹಕ್ಕನ್ನೂ ಉಳಿಸಿಕೊಳ್ಳಲಾರ ಎಂಬ ಸತ್ಯ. 1953ರಲ್ಲಿ ಅಂಕೋಲೆಯಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿದರು. ಅದರ ಹೈಸ್ಕೂಲುಗಳಿಗೆ ಯಾವ ದೇವರ, ಯಾವ ದಾನಿಯ, ಯಾವ ಜಾತಿಯ ಹೆಸರನ್ನೂ ಇಡದೆ ‘ಜನತಾ ವಿದ್ಯಾಲಯ’ ಎಂದೇ ಕರೆದರು. ಶಿರಾಲಿ, ಮುರ್ಡೇಶ್ವರಗಳಂಥ ಊರುಗಳಿಗೆ ಹೈಸ್ಕೂಲು ಬಂದುದು ಹೀಗೆ. 1966ರಲ್ಲಿ, ಗೋಖಲೆಯವರ ಜನ್ಮಶತಾಬ್ದಿಯ ವರ್ಷ, ಅಂಕೋಲೆಯಲ್ಲಿ ಅವರ ಹೆಸರಿನ ಕಾಲೇಜೂ ಆಯಿತು. ಮರು ವರ್ಷವೇ ಕೆನರಾದ ಜನ ದೇಸಾಯಿಯವರನ್ನು ಲೋಕಸಭೆಗೆ ಆರಿಸಿ ಕಳಿಸಿದರು.

ಜನತಾ ವಿದ್ಯಾಲಯವೂ ಒಂದರ್ಥದಲ್ಲಿ ಸಮುದಾಯದ ಶಾಲೆಯೇ. ಆದರೆ ಇಲ್ಲಿ ಸಮುದಾಯವೆಂದರೆ ಹುಟ್ಟಿನಿಂದ ಬಂದ ಗುಂಪಲ್ಲ, ಆ ಊರಿನಲ್ಲಿ ಬಾಳುವ ಎಲ್ಲರೂ. ಟ್ರಸ್ಟಿನ ಆಡಳಿತವನ್ನು ಒಬ್ಬ ವ್ಯಕ್ತಿಯ ತೇಜಸ್ಸು ಬಹುಕಾಲ ನಡೆಸಿತೆಂಬುದು ಅದರ ಬಲ, ಬಹುಶಃ ಅದರ ಮಿತಿ ಕೂಡ. ಅಂಜುಮನ್ನಿಗೆ ಒಂದು ಇಡೀ ಸಮಾಜದ ಬೆನ್ನಿತ್ತು. ದೇಸಾಯಿಯವರ ಬೆನ್ನಿಗೆ ಬಡ ರೈತರಿದ್ದರು. ಹಣದ ದೃಷ್ಟಿಯಿಂದ ಇವೆರಡೂ ಒಂದೇ ಅಲ್ಲ.

ಇನ್ನು ಜೈನರ ಮಾತು. ಅಂಜುಮನ್ ಹುಟ್ಟಿದ ಅದೇ 1919ರಲ್ಲಿ, ಅದೇ ಮುಂಬಯಿ ಪ್ರಾಂತದ ಸಾತಾರಾ ಜಿಲ್ಲೆಯಲ್ಲಿ, ಕುಂಭೋಜದಲ್ಲಿ ಹುಟ್ಟಿದ ಜೈನ ರೈತನ ಮಗ ಭಾವೂರಾವ್ ಪಾಟೀಲರು ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಇದರ ಹಿನ್ನೆಲೆ ನಮಗೆ ಸ್ವಲ್ಪ ಇರುಸುಮುರುಸಿನದು, ಆದರೂ ಹೇಳಬೇಕು. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆಯು ಶಾಲೆಗಳಿಗಿಂತ ಹೆಚ್ಚಾಗಿ ಬೋರ್ಡಿಂಗುಗಳನ್ನು ಕಟ್ಟಿತು. ಹುಡುಗರು ಊರಿನ ಸಾಮಾನ್ಯ ಶಾಲೆಗಳಲ್ಲಿ ಎಲ್ಲರೊಡನೆ ಓದುವುದು, ಊಟ ವಸತಿ ಸಂಸ್ಕಾರಗಳಿಗೆ ಬೋರ್ಡಿಂಗಿಗೆ ಬರುವುದು. ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದ ತರುಣ ಭಾವೂರಾವ್ ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭಕ್ಕೆ ಹೋಗಿ ಬಂದರು. ಸ್ನಾನ ಮಾಡಿ ಶುದ್ಧನಾಗಿ ಊಟಕ್ಕೆ ಬಾ ಎಂದರು ಮೇಲ್ವಿಚಾರಕರು. ಅವರು ಒಪ್ಪಲಿಲ್ಲ, ಬೋರ್ಡಿಂಗಿನಿಂದ ಹೊರಬಿದ್ದರು ಎಂದು ಅವರ ಚರಿತ್ರಕಾರರು ಹೇಳುತ್ತಾರೆ. ಸಮುದಾಯದ ಸಂಸ್ಥೆಯಲ್ಲಿ ಸಂಸ್ಕಾರದ ಹೆಸರಿನಲ್ಲಿ ಏನೇನು ಒಳಗೆ ನುಸುಳಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಯಾವ ಆಗಮವೂ ವಿಧಿಸದ ಸ್ನಾನವದು. 1924ರಲ್ಲಿ ಭಾವೂರಾವ್ ಸಾತಾರಾದಲ್ಲಿ ತಮ್ಮ ಬೋರ್ಡಿಂಗನ್ನು ತೆರೆದಾಗ ಎಲ್ಲ ಜಾತಿಯ ಹುಡುಗರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು, ಸರದಿಯ ಮೇಲೆ ಅಡಿಗೆ ಮಾಡಿದರು, ದುಡಿದು ಓದಿದರು. 1927ರಲ್ಲಿ ಗಾಂಧೀಜಿ ಬಂದು ನೋಡಿ ಮೆಚ್ಚಿದರು.

ಆದರೂ ಬೋರ್ಡಿಂಗಿನ ಕಲ್ಪನೆಯನ್ನು ಈ ಘಟನೆಯ ಕಾರಣದಿಂದ ತಳ್ಳಿಹಾಕಲಾಗದು. ಹುಬ್ಬಳ್ಳಿ, ಬೆಳಗಾವಿಗಳ ಬೋರ್ಡಿಂಗುಗಳಲ್ಲಿ ಉಂಡು ಓದಿ ಬಾಳು ಕಟ್ಟಿಕೊಂಡ ಎಷ್ಟೋ ಮನೆಗಳು ನಮ್ಮಲ್ಲಿವೆ. ತರಗತಿ ಎಲ್ಲರದು, ಅಡಿಗೆಮನೆ ನಮ್ಮದು ಎಂಬ ಆ ವಿಂಗಡಣೆಯಲ್ಲಿ ಒಂದು ವಿವೇಕವಿದೆ. ರಾತ್ರಿಭೋಜನ ತ್ಯಾಗವಾಗಲಿ, ಸೋಸಿದ ನೀರಾಗಲಿ, ಬೆಳಗಿನ ಣಮೋಕಾರ ಮಂತ್ರವಾಗಲಿ ಮಗುವಿಗೆ ರೂಢಿಯಾಗುವುದು ಗಣಿತದ ಪಾಠದ ಹೊತ್ತಿನಲ್ಲಲ್ಲ.

ಈಗ ಕಾನೂನಿನ ಸ್ಥಿತಿ. ಸಂವಿಧಾನದ 30(1)ನೆಯ ಅನುಚ್ಛೇದವು ಮತೀಯ ಮತ್ತು ಭಾಷಿಕ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಅದರ ಹಿಂದಿನ 29(2)ನೆಯ ಅನುಚ್ಛೇದ, ಸರಕಾರದ ನೆರವು ಪಡೆಯುವ ಸಂಸ್ಥೆಯು ಕೇವಲ ಧರ್ಮ, ಜಾತಿ, ಭಾಷೆಗಳ ಕಾರಣದಿಂದ ಯಾರಿಗೂ ಪ್ರವೇಶ ನಿರಾಕರಿಸಬಾರದೆನ್ನುತ್ತದೆ. 28ನೆಯದರ ಪ್ರಕಾರ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಮಗುವಿನ ಪೋಷಕರ ಒಪ್ಪಿಗೆಯಿಲ್ಲದೆ ಧರ್ಮಬೋಧೆಗೆ ಕೂರಿಸುವಂತಿಲ್ಲ. ಈ ಅನುಚ್ಛೇದಗಳನ್ನು ಕೂಡಿಸಿ ಓದಿಕೊಳ್ಳದೆ ಅಲ್ಪಸಂಖ್ಯಾತ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಟ್ರಸ್ಟುಗಳು ಆಮೇಲೆ ತೊಡಕಿಗೆ ಸಿಲುಕುತ್ತವೆ. ಈ ವಿಷಯದ ದೊಡ್ಡ ತೀರ್ಪು ಹೊರಟದ್ದೂ ನಮ್ಮ ಕರಾವಳಿಯ ಸಂಸ್ಥೆಯೊಂದರ ಮೊಕದ್ದಮೆಯಲ್ಲಿ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರ ಪೀಠವು ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನಿರ್ಣಯಿಸಬೇಕೆಂದಿತು.

2009ರ ಶಿಕ್ಷಣ ಹಕ್ಕು ಕಾಯ್ದೆಯು ಅನುದಾನರಹಿತ ಖಾಸಗಿ ಶಾಲೆಗಳು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಶೇಕಡ 25 ಸ್ಥಾನ ಕೊಡಬೇಕೆಂದು ವಿಧಿಸಿತು. 2014ರ ಮೇ ತಿಂಗಳ ಪ್ರಮತಿ ತೀರ್ಪಿನಲ್ಲಿ ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ದ್ವಿಸದಸ್ಯ ಪೀಠ ಆ ತೀರ್ಪಿನ ಔಚಿತ್ಯವನ್ನೇ ಪ್ರಶ್ನಿಸಿ, ವಿಷಯವನ್ನು ದೊಡ್ಡ ಪೀಠ ಪರಿಶೀಲಿಸುವ ಸಲುವಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಕರ್ನಾಟಕದಲ್ಲಿ 2019ರಿಂದ, ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಈ ಹೊಣೆ ಬಾರದಂತೆ ನಿಯಮವೇ ಬದಲಾಗಿರುವುದರಿಂದ ಇಲ್ಲಿ ಇದರ ಪ್ರಭಾವ ಕುಗ್ಗಿದೆ. ಆದರೂ ಕೆಲವು ಕಡೆ ಪ್ರಮಾಣಪತ್ರದ ಹಿಂದಿನ ಉದ್ದೇಶ ಧರ್ಮರಕ್ಷಣೆಯಲ್ಲ, ಬಡ ಮಕ್ಕಳ ಆ ಕಾಲುಪಾಲನ್ನು ತಪ್ಪಿಸಿಕೊಳ್ಳುವುದಾಗಿತ್ತೆಂಬುದನ್ನು ನಾವು ನಮ್ಮೊಳಗಾದರೂ ಒಪ್ಪಿಕೊಳ್ಳಬೇಕು. ಅಂತರಾಯವೆಂಬ ಶಬ್ದ ಇಂಥಲ್ಲಿ ಗ್ರಂಥದ ಶಬ್ದವಾಗಿ ಉಳಿಯುವುದಿಲ್ಲ.

ಸಮುದಾಯದ ಹಿಡಿತಕ್ಕೆ ಇನ್ನೊಂದು ದಾರಿ ತೆರೆದೇ ಇದೆ, ಅದನ್ನು ನಮ್ಮಲ್ಲಿ ಬಳಸಿಕೊಂಡವರು ಕಡಿಮೆ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾದವು. ಮಕ್ಕಳ ಪಾಲಕರೇ ಅದರ ಸದಸ್ಯರು. ಶಿಕ್ಷಕರು ಬಂದರೇ, ಬಿಸಿಯೂಟ ಸರಿಯಾಗಿದೆಯೇ, ಕಟ್ಟಡದ ಹಣ ಎಲ್ಲಿ ಹೋಯಿತು ಎಂದು ಕೇಳುವ ಅಧಿಕಾರ ಕಾಗದದ ಮೇಲಾದರೂ ಅವರಿಗಿದೆ. 1822ರಲ್ಲಿ ಕೆನರಾದಲ್ಲಿ ಇಲ್ಲದಿದ್ದುದು ಇದೇ. ಆದರೆ ನಮ್ಮಲ್ಲಿ ಸ್ಥಿತಿವಂತರು ತಮ್ಮ ಮಕ್ಕಳನ್ನು ಆ ಶಾಲೆಗಳಿಂದ ಬಿಡಿಸಿಕೊಂಡ ದಿನವೇ ಆ ಸಮಿತಿಯಲ್ಲಿ ಕುಳಿತು ಮಾತನಾಡುವ ಹಕ್ಕನ್ನೂ ಕಳೆದುಕೊಂಡರು. ಉಳಿದ ಪಾಲಕರಿಗೆ ಕೂಲಿ ಬಿಟ್ಟು ಸಭೆಗೆ ಬರಲು ಬಿಡುವಿಲ್ಲ.

ಹಾಡುವಳ್ಳಿ, ಗೇರುಸೊಪ್ಪೆಗಳಲ್ಲಿ ಇಂದು ಬೆರಳೆಣಿಕೆಯ ಜೈನ ಮನೆಗಳಿದ್ದಾವು. ಅಲ್ಲಿನ ಪರಂಪರೆಯನ್ನು ನೆನೆಸುವಂತೆ ಶಿರಸಿ ತಾಲ್ಲೂಕಿನ ಸೋಂದೆಯ ಜೈನ ಮಠದ ಭಟ್ಟಾರಕರು ಭಟ್ಟಾಕಲಂಕರೆಂಬ ಹೆಸರನ್ನೇ ಧರಿಸುತ್ತ ಬಂದಿದ್ದಾರೆ. ಈ ಮೂರು ತಾಲ್ಲೂಕುಗಳಲ್ಲಿ ಜೈನ ಮಕ್ಕಳಿಗೆ ಮಾತ್ರವೆಂದು ಶಾಲೆ ತೆರೆದರೆ ಒಂದು ತರಗತಿಯೂ ತುಂಬುವುದಿಲ್ಲ. ತುಂಬಿಸಲು ಹೊರಗಿನವರನ್ನು ಶುಲ್ಕಕ್ಕಾಗಿ ಸೇರಿಸಿಕೊಳ್ಳುವುದಾದರೆ ಅದು ವ್ಯಾಪಾರವಾಗುತ್ತದೆ. ಅದಕ್ಕೆ ತೀರ್ಥಂಕರರ ಹೆಸರನ್ನು ಇಡುವ ಅಗತ್ಯವಿಲ್ಲ. ಬಸದಿಯ ಟ್ರಸ್ಟೊಂದಕ್ಕೆ ಭೂಮಿಯೂ ಸ್ವಲ್ಪ ಠೇವಣಿಯೂ ಇದ್ದಲ್ಲಿ ಹೊನ್ನಾವರದಲ್ಲೋ ಕುಮಟಾದಲ್ಲೋ ನಲವತ್ತು ಮಕ್ಕಳ ಒಂದು ವಿದ್ಯಾರ್ಥಿನಿಲಯ ಸಾಧ್ಯ. ಹುಡುಗಿಯರದಾದರೆ ಇನ್ನೂ ಮೇಲು. ಒಳನಾಡಿನ ಹಳ್ಳಿಗಳಿಂದ ಕಾಲೇಜಿಗೆ ದಿನವೂ ಬಸ್ಸು ಹತ್ತಿ ಬರುವವರಲ್ಲಿ ಓದು ಬಿಡುವವರು ಮೊದಲು ಅವರೇ. ಅಡಿಗೆ ನಮ್ಮ ಕ್ರಮದ್ದಾಗಿರಲಿ. ಸಂಜೆ ಒಂದು ತಾಸು ಹಳಗನ್ನಡ, ಪ್ರಾಕೃತಗಳ ಪಾಠವಿರಲಿ, ಬಯಸಿದವರೆಲ್ಲ ಕೂಡಲಿ. ನಿಯಮಾವಳಿಯ ಕರಡನ್ನು ವಕೀಲರಿಗೆ ಒಪ್ಪಿಸುವ ಮುನ್ನ ಪ್ರವೇಶದ ಕಲಮನ್ನು ಟ್ರಸ್ಟಿಗಳು ತಾವೇ ಕುಳಿತು ಬರೆಯಬೇಕು: ನಲವತ್ತರಲ್ಲಿ ಎಷ್ಟು ಸ್ಥಾನ ನಮ್ಮವರಿಗೆ, ಎಷ್ಟು ಊರಿನ ಉಳಿದ ಮಕ್ಕಳಿಗೆ, ಅವರಲ್ಲಿ ಹಾಲಕ್ಕಿಯವರ, ಮೀನುಗಾರರ, ನವಾಯತರ ಮಗಳು ಬಂದು ಬಾಗಿಲಲ್ಲಿ ನಿಂತರೆ ಮೇಲ್ವಿಚಾರಕಿಯು ಅರ್ಜಿಯ ನಮೂನೆಯಲ್ಲಿ ಏನೇನು ಕೇಳಬಹುದು, ಏನನ್ನು ಕೇಳಕೂಡದು ಎಂಬುದನ್ನು.